ಬಿಟ್ಟ ಎರಡು ಹೊಲಿಗೆ

ಓರೆಸ್ತೆ ಕಾರ್ಮಿನೆ ಪಿರೋಲೊ. ವಯಸ್ಸು ಎಂಬತ್ತಮೂರು. ಹುಟ್ಟಿದ್ದು ದಕ್ಷಿಣ ಇಟಲಿಯ ಸೊಲೋಫ್ರಾ ಎಂಬ ಊರಿನಲ್ಲಿ. ತೀರಿಕೊಂಡಿದ್ದು ೨೦೨೪ರ ಫೆಬ್ರವರಿಯಲ್ಲಿ, ಟೊರಾಂಟೊ ಬಳಿಯ ವುಡ್‌ಬ್ರಿಡ್ಜಿನ ತಮ್ಮ ಮನೆಯಲ್ಲಿ. ತಂದೆ ಕಾರ್ಮಿನೆ, ಚರ್ಮ ಹದಮಾಡುವ ಕಸುಬಿನವರು. ತಾಯಿ ಅಸ್ಸುಂತಾ. ಪತ್ನಿ ಫಿಲೊಮೇನಾ, ಪತಿಗಿಂತ ಒಂಬತ್ತು ವರ್ಷ ಮೊದಲೇ ತೀರಿಕೊಂಡವರು. ಒಬ್ಬಳೇ ಮಗಳು ಇವಾನಾ, ನ್ಯೂಮಾರ್ಕೆಟ್ಟಿನ ಸರಕಾರಿ ಕಚೇರಿಯೊಂದರಲ್ಲಿ ನೌಕರಿಯಲ್ಲಿದ್ದಾಳೆ. ಓರೆಸ್ತೆ ಅವರು ಕೈಯಿಂದ ಬೂಟು ಹೊಲಿಯುತ್ತಿದ್ದರು. ಇಪ್ಪತ್ತೈದನೆಯ ವಯಸ್ಸಿಗೆ ಕೆನಡಾಕ್ಕೆ ಬಂದ ಮೇಲೆ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ, ಮಾಡಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ.

ನಾನು ಅವರ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದೆ. ಅವರ ಬಗ್ಗೆ ಬರೆಯಲು ನನಗಿಂತ ಹೆಚ್ಚು ಓದಿದವರು ಸಿಗಬಹುದು. ಅವರ ಕೈಯನ್ನು ನನಗಿಂತ ಹತ್ತಿರದಿಂದ ನೋಡಿದವರು ಸಿಗಲಾರರು.

ಅವರ ಕಾರ್ಖಾನೆ ವುಡ್‌ಬ್ರಿಡ್ಜಿನ ಕೈಗಾರಿಕೆಯ ಓಣಿಯೊಂದರಲ್ಲಿ, ಕಾರಿನ ಗಾಜು ಹಾಕುವವರಿಗೂ ಟೈಲ್ಸಿನ ಗೋದಾಮಿಗೂ ನಡುವೆ ಇತ್ತು. ೨೦೧೨ರ ವಸಂತದಲ್ಲಿ ಅದರ ಬಾಗಿಲಿಗೆ ಹೊಲಿಗೆ ಬಲ್ಲವರು ಬೇಕಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದರು. ನಾನು ಆಗ ವಿಮಾನದ ಊಟ ಕಟ್ಟುವ ಕಂಪನಿಯಲ್ಲಿದ್ದೆ. ಬಟ್ಟೆಯ ಹೊಲಿಗೆ ಇರಬೇಕೆಂದು ತಿಳಿದು, ನಾನಿದ್ದ ಎಟೋಬಿಕೋಕಿನಿಂದ ಎರಡು ಬಸ್ಸು ಬದಲಿಸಿ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಬಂದ ವಾಸನೆಗೆ ಬಾಗಿಲಲ್ಲಿಯೇ ನಿಂತುಬಿಟ್ಟೆ. ಅದು ಜಾಲಿಯ ತೊಗಟೆಯಲ್ಲಿ ಹದಮಾಡಿದ ತೊಗಲಿನ ವಾಸನೆ. ಅಥಣಿಯಲ್ಲಿ ನನ್ನ ತಂದೆ ದ್ಯಾಮಣ್ಣ ಚಪ್ಪಲಿ ಹೊಲಿಯುತ್ತಿದ್ದ ಪಡಸಾಲೆಯ ವಾಸನೆ.

ಓರೆಸ್ತೆ ಅವರು ಎರಡು ತುಂಡು ಚರ್ಮ, ಒಂದು ಆರಿ ಮತ್ತು ಮೇಣ ತೀಡಿದ ದಾರವನ್ನು ಮೇಜಿನ ಮೇಲಿಟ್ಟು, ಹೊಲಿ ಎಂದು ಕೈಸನ್ನೆ ಮಾಡಿದರು. ಆರಿ ಎಂದರೆ ಚರ್ಮಕ್ಕೆ ತೂತು ಹಾಕುವ ಮೊನೆ. ಅವರಲ್ಲಿ ಅದಕ್ಕೆ ಲೇಸಿನ ಎನ್ನುತ್ತಾರೆ. ಮೇಜು ನನಗೆ ಎತ್ತರವಾಯಿತು. ನಾನು ಎಲ್ಲವನ್ನೂ ತೆಗೆದುಕೊಂಡು ನೆಲಕ್ಕೆ ಕುಳಿತೆ. ಕೂಡುವಾಗ ಅಲ್ಲಿ ಸುತ್ತಿಟ್ಟಿದ್ದ ಒಂದು ಹಾಳೆ ಚರ್ಮಕ್ಕೆ ಕಾಲು ತಗುಲಿತು. ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ತುಂಡುಗಳನ್ನು ಬಲಗಾಲಿನ ಹೆಬ್ಬೆರಳಿನ ಕೆಳಗೆ ಅದುಮಿ ಹಿಡಿದು ಹೊಲಿದೆ.

ನಮ್ಮಿಬ್ಬರ ನಡುವಿನ ಭಾಷೆ ಹರಕು ಇಂಗ್ಲಿಷು. ಅವರದಕ್ಕೆ ಸೊಲೋಫ್ರಾದ ರಾಗ, ನನ್ನದಕ್ಕೆ ಅಥಣಿಯ ರಾಗ. ಆ ಮಾತುಗಳನ್ನು ಇಲ್ಲಿ ನನ್ನ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ನೆನಪಿನಲ್ಲಿ ಅವು ಹಾಗೆಯೇ ಉಳಿದಿವೆ.

"ಯಾರ ಕಲಿಸ್ಯಾರ?" ಎಂದು ಕೇಳಿದರು.

"ನಮ್ಮಪ್ಪ."

"ಯಾವ ಊರು?"

"ಅಥಣಿ."

ಅವರು ತಲೆಯಾಡಿಸಿದರು. ಆ ಸಂಜೆ ತಮ್ಮ ಗೆಳೆಯ ದೊನಾತೊ ಅವರಿಗೆ, ಗ್ರೀಸಿನ ಅಥೆನ್ಸಿನಿಂದ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಬಂದಿದ್ದಾಳೆ ಎಂದು ಹೇಳಿದರಂತೆ. ಇಟಲಿಯ ಭಾಷೆಯಲ್ಲಿ ಅಥೆನ್ಸಿಗೆ ಅತೇನೆ ಎನ್ನುತ್ತಾರೆ. ದೊನಾತೊ ಅವರು ಮರುದಿನವೇ ನೋಡಲು ಬಂದರು. ಕೋಲೂರಿಕೊಂಡು ಎಡಗಾಲನ್ನು ಸ್ವಲ್ಪ ಹೊರಕ್ಕೆ ಹಾಕುತ್ತ ನಡೆಯುವ ದಪ್ಪನೆಯ ಮನುಷ್ಯ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಲ್ಲೋ ಓರೆಸ್ತೆ, ಗ್ರೀಕರಾಕಿ ಹಣಿಗೆ ಕುಂಕುಮ ಹಚ್ಚಗೋತಾಳೇನೋ ಹುಚ್ಚಾ?"

"ನನಗೇನ ಗೊತ್ತೋ? ನಾ ಆಕಿ ಹಣಿ ನೋಡಲಿಲ್ಲ, ಹೊಲಿಗಿ ನೋಡಿದ್ನಿ."

ಹೀಗೆ ನನಗೆ ಕೆಲಸ ಸಿಕ್ಕಿತು. ಇನ್ನೊಂದು ತಪ್ಪು ತಿಳಿವಳಿಕೆ ಎಂದೂ ಸರಿಹೋಗಲಿಲ್ಲ. ನಾನು ಅವರನ್ನು ಮಾಸ್ತರ ಎಂದು ಕರೆಯುತ್ತಿದ್ದೆ. ನಮ್ಮಲ್ಲಿ ಶಾಲೆ ಕಲಿಸುವವರಿಗೂ ಹೊಲಿಗೆ ಅಂಗಡಿಯ ಹಿರಿಯರಿಗೂ ಹಾಗೆಯೇ ಕರೆಯುವುದು. ಅವರ ಊರಿನಲ್ಲಿ ಕಸುಬಿನ ಹಿರಿಯನಿಗೆ ಮಾಸ್ತ್ರೊ ಎನ್ನುತ್ತಾರಂತೆ. ಸುಮಾರು ಐವತ್ತು ವರ್ಷಗಳ ಮೇಲೆ ತನ್ನನ್ನು ಯಾರೋ ಸರಿಯಾದ ಹೆಸರಿನಿಂದ ಕರೆದರೆಂದು ಅವರು ಸಂತೋಷಪಟ್ಟರು. ನಾನು ಯಾವ ಅರ್ಥದಲ್ಲಿ ಕರೆದೆನೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರ ಕೆಲಸದ ರೀತಿಯಲ್ಲಿ ನನಗೆ ಒಗಟಿನಂತೆ ಕಂಡ ಸಂಗತಿಗಳು ಬಹಳ. ಬೆಳಿಗ್ಗೆ ಬಂದ ಗಿರಾಕಿಯ ಕಾಲನ್ನು ಅವರು ಅಳೆಯುತ್ತಿರಲಿಲ್ಲ. ಎಷ್ಟೇ ದೂರದಿಂದ ಬಂದಿರಲಿ, ನಾಲ್ಕು ಗಂಟೆಯ ನಂತರ ಬನ್ನಿ ಎಂದು ಕಳಿಸುತ್ತಿದ್ದರು. ದಿನವಿಡೀ ಮೈಭಾರ ಹೊತ್ತ ಕಾಲು ಸಂಜೆಗೆ ಉಬ್ಬುತ್ತದೆ. ಬೆಳಗಿನ ಅಳತೆಯ ಬೂಟು ಸಂಜೆಗೆ ಕಚ್ಚುತ್ತದೆ. ಇದು ನನಗೆ ತಿಳಿದದ್ದು ಆರು ತಿಂಗಳ ಮೇಲೆ, ಬಿಡದೆ ಕೇಳಿದ್ದರಿಂದ. ಅಳೆಯುವ ಮೊದಲು ಗಿರಾಕಿಯನ್ನು ಬರಿಗಾಲಲ್ಲಿ ಹಲಗೆಯ ನೆಲದ ಮೇಲೆ ನಡೆಸುತ್ತಿದ್ದರು. ಆಗ ಅವರು ಕಾಲನ್ನು ನೋಡುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

"ಏನ ಕೇಳಸ್ತೈತ್ರಿ ಮಾಸ್ತರ?"

"ಎಡಗಾಲಿನ ಮ್ಯಾಲ ಸಿಟ್ಟೈತಿ ಅವಂಗ. ಹಿಮ್ಮಡಿ ಬಡದ ಇಡ್ತಾನ."

ನಂತರ ಮರದ ಕಾಲಚ್ಚನ್ನು ಕೆತ್ತುತ್ತಿದ್ದರು. ಕಾಲಚ್ಚೆಂದರೆ ಗಿರಾಕಿಯ ಕಾಲಿನಂತೆಯೇ ಕಡೆದ ಮರದ ಕಾಲು. ಅದರ ಮೇಲೆ ಚರ್ಮವನ್ನು ಎಳೆದು ಬೂಟು ಕಟ್ಟುತ್ತಾರೆ. ಎರಡು ಗೋಡೆ ತುಂಬ ಇಂಥ ಕಾಲುಗಳು ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಪ್ರತಿಯೊಂದರ ಮೇಲೂ ಹೆಸರು ಮಾತ್ರ. ಯಾವ ಕಾಲಿಗೆ ಏನು ಮಾಡಬೇಕು, ಎಲ್ಲಿ ಚರ್ಮ ತೆಳುವಾಗಬೇಕು, ಯಾವ ಹಿಮ್ಮಡಿಗೆ ಎಷ್ಟು ಎತ್ತರ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಅದು ಅವರ ಕೈಯಲ್ಲಿತ್ತು.

ಹೊಲಿಯುವಾಗ ಅವರು ಗಿಡ್ಡನೆಯ ಪೀಠದ ಮೇಲೆ ಕುಳಿತು, ಒಂದು ಉದ್ದನೆಯ ಬೆಲ್ಟನ್ನು ತೊಡೆಯ ಮೇಲಿಂದ ಪಾದದ ಕೆಳಗೆ ಹಾಯಿಸಿ, ಬೂಟನ್ನು ತೊಡೆಗೆ ಬಿಗಿದುಕೊಳ್ಳುತ್ತಿದ್ದರು. ನಾನು ಹೆಬ್ಬೆರಳಿನಿಂದ ಅದುಮುವ ಕೆಲಸವನ್ನು ಅವರು ಆ ಬೆಲ್ಟಿನಿಂದ ಮಾಡುತ್ತಿದ್ದರು. ನಾರಿನ ಎಳೆಗಳನ್ನು ಹೊಸೆದು, ರಾಳ ತೀಡಿ, ದಾರದ ಎರಡೂ ತುದಿಗೆ ಕಾಡುಹಂದಿಯ ಕೂದಲನ್ನು ಸೂಜಿಯಂತೆ ಸೇರಿಸುವರು. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಎರಡು ತುದಿ ಹಾಯಬೇಕು. ಆಮೇಲೆ ತೋಳು ಚಾಚಿ ಎಳೆಯಬೇಕು.

ವಾಸನೆಯ ಬಗ್ಗೆ ನಮಗೆ ಒಂದು ವರ್ಷ ಜಗಳ ನಡೆಯಿತು. ನಾನು ಜಾಲಿಯೆಂದರೆ ಅವರು ಮಿಮೋಸಾ ಎನ್ನುವರು.

"ಜಾಲೀನ ಮಾಸ್ತರ. ನನಗ ಮೂಗಿಲ್ಲೇನ?"

"ಮೂಗೈತಿ, ಬುದ್ಧಿ ಇಲ್ಲ. ನಮ್ಮಪ್ಪ ಈ ತೊಗಟಿ ನೀರಾಗ ಸತ್ತಾನ. ಇದು ಮಿಮೋಸಾ."

ನಾನು ಆಗ ವಾರಕ್ಕೆ ಮೂರು ಸಂಜೆ ದೊಡ್ಡವರ ಶಾಲೆಗೆ ಹೋಗುತ್ತಿದ್ದೆ. ಊರಿನಲ್ಲಿ ಏಳನೆಯ ಇಯತ್ತೆಗೆ ಬಿಟ್ಟ ಓದನ್ನು ಮೂವತ್ತೆಂಟಕ್ಕೆ ಹಿಡಿದಿದ್ದೆ. ಜೀವಶಾಸ್ತ್ರದ ಪುಸ್ತಕದಲ್ಲಿ ಎರಡೂ ಮರಗಳು ಒಂದೇ ಬಳಗದವೆಂದು ಓದಿದ ದಿನ, ಆ ಪುಟವನ್ನು ನಕಲು ಮಾಡಿಸಿ ತಂದು ಅವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ನಿಮ್ಮಪ್ಪ ನಮ್ಮಪ್ಪ ಬೀಗರು" ಎಂದು ಹೇಳಿ ಅದನ್ನು ಗೋಡೆಗೆ ಅಂಟಿಸಿದರು. ನನ್ನ ಶಾಲೆಯ ಪ್ರಬಂಧಗಳನ್ನೂ ಓದುತ್ತಿದ್ದರು. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ, ಆದರೆ ವಾಕ್ಯ ಎಲ್ಲಿ ಮುಗಿಯಬೇಕೆಂದು ತಿಳಿಯುತ್ತಿತ್ತು. "ಎಲ್ಲಿ ಪುಂತೊ?" ಎಂದು ಬೈಯುವರು. ಅವರ ಭಾಷೆಯಲ್ಲಿ ಹೊಲಿಗೆಗೂ ಪೂರ್ಣವಿರಾಮಕ್ಕೂ ಪುಂತೊ ಒಂದೇ ಮಾತು.

ಒಂದು ಕೆಲಸ ಮಾತ್ರ ಅವರು ನನಗೆ ಕೊಡಲಿಲ್ಲ. ಬೂಟಿನ ಮೇಲ್ಭಾಗವನ್ನೆಲ್ಲ ನಾನು ಹೊಲಿಯುತ್ತಿದ್ದೆ. ಮೇಲ್ಭಾಗವನ್ನು ತಳದ ಅಟ್ಟೆಗೆ ಕೂಡಿಸುವ ಅಂಚಿನ ಹೊಲಿಗೆ ಅವರದೇ. ಇದು ನನಗೆ ಹೊಸದಲ್ಲ. ಅಥಣಿಯ ನಮ್ಮ ಮನೆಯಲ್ಲಿಯೂ ಹೆಣಿಗೆ, ಗೊಂಡೆ, ಮೇಲಿನ ಕುಸುರಿ ಹೆಂಗಸರದು, ಅಟ್ಟೆ ಗಂಡಸರದು. ಅಪ್ಪನಿಗೆ ಏಕೆಂದು ಕೇಳಿದಾಗ ತೋಳಿನ ಬಲ ಸಾಲದು ಎಂದಿದ್ದ. ಓರೆಸ್ತೆ ಅವರನ್ನು ಕೇಳಿದಾಗ, "ಇನ್ನೂ ಹೊತ್ತ ಐತಿ" ಎಂದರು. ಏಳು ವರ್ಷ ಹೊತ್ತು ಇದ್ದೇ ಇತ್ತು.

ದೊನಾತೊ ಅವರ ವಿಷಯವನ್ನು ಇಲ್ಲಿ ಹೇಳಬೇಕು. ಅವರು ಸೊಲೋಫ್ರಾದ ಪಕ್ಕದ ಹಳ್ಳಿಯವರು. ಟೊರಾಂಟೊದ ಎತ್ತರದ ಕಟ್ಟಡಗಳಿಗೆ ಕಾಂಕ್ರೀಟು ಹಾಕುವ ಕೆಲಸದಲ್ಲಿದ್ದರು. ೧೯೭೪ರಲ್ಲಿ ತೊಲೆಯೊಂದು ಎಡಗಾಲಿನ ಮೇಲೆ ಬಿದ್ದು ಎಲುಬುಗಳು ಮುರಿದವು, ಕೂಡಿದ್ದು ಓರೆಯಾಗಿ. ಹೆಬ್ಬೆರಳಿನ ಬುಡದಲ್ಲಿ ಒಳಬದಿಗೆ ಒಂದು ಎಲುಬು ಗಂಟಿನಂತೆ ನಿಂತಿತು. ಅಂಗಡಿಯ ಯಾವ ಬೂಟೂ ಆಗಲಿಲ್ಲ. ಓರೆಸ್ತೆ ಅವರು ಆ ಕಾಲನ್ನು ಮರದಲ್ಲಿ ಕೆತ್ತಿದರು, ಅಂದಿನಿಂದ ಎರಡು ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಒಂದು ಜೋಡಿ. ಆ ಬೂಟನ್ನು ಅವರು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಿ ತಾವೇ ಕೈಗೆ ಕೊಡುತ್ತಿದ್ದರು. ದೊನಾತೊ ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಪಾದದ ಸ್ಪರ್ಶಜ್ಞಾನ ಹೋಗಿತ್ತು. ಚುಚ್ಚಿದರೆ ತಿಳಿಯದು, ಸುಟ್ಟರೆ ತಿಳಿಯದು.

೨೦೧೯ರ ಅಕ್ಟೋಬರಿನಲ್ಲಿ ಓರೆಸ್ತೆ ಅವರ ಕಣ್ಣಿನ ಪೊರೆ ತೆಗೆಸಬೇಕಾಯಿತು. ಹಿಂದಿನ ಕೆಲವು ತಿಂಗಳು ಅವರು ದಾರವನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಗುರುವಾರ ಶಸ್ತ್ರಕ್ರಿಯೆ. ಬುಧವಾರ ಸಂಜೆ ದೊನಾತೊ ಅವರ ಹೊಸ ಜೋಡಿಯನ್ನು ಮುಗಿಸಿ, "ಪಾಲಿಶ್ ಮಾಡಿ ಶನಿವಾರ ಕೊಟ್ಟಬಿಡು" ಎಂದು ನನಗೆ ಒಪ್ಪಿಸಿ ಹೋದರು.

ಪಾಲಿಶ್ ಮಾಡುವಾಗ ನೋಡಿದೆ. ಎಡಗಾಲಿನ ಬೂಟಿನ ಒಳಬದಿಯ ಅಂಚಿನಲ್ಲಿ ಎರಡು ಹೊಲಿಗೆ ಇರಲಿಲ್ಲ. ಹೊಲಿಗೆಯ ಅಂತರ ಗುರುತಿಸುವ ಹಲ್ಲುಗಾಲಿ ಒತ್ತಿದ ಚುಕ್ಕೆಗಳು ಇದ್ದವು. ದಾರ ಅವುಗಳ ಮೇಲೆ ನಿಲ್ಲದೆ ಒಂದೇ ಹೆಜ್ಜೆಗೆ ಹಾರಿ ಮುಂದೆ ಹೋಗಿತ್ತು. ಉಳಿದ ಹೊಲಿಗೆಗಳೆಲ್ಲ ಅಕ್ಕಿಯ ಕಾಳು ಜೋಡಿಸಿದಷ್ಟು ಸಮ. ಮುದುಕರಿಗೆ ಕಣ್ಣು ಕಾಣಲಿಲ್ಲ ಎಂದುಕೊಂಡೆ. ಅಷ್ಟು ದೊಡ್ಡ ಕಸುಬಿನವರ ಕೈಯಿಂದ ಇಂಥ ತಪ್ಪು ಹೊರಗೆ ಹೋಗಬಾರದು, ಅವರಿಗೂ ಇದು ತಿಳಿಯಬಾರದು ಎಂದು ನಿಶ್ಚಯಿಸಿದೆ. ದಾರ ಹೊಸೆದೆ. ಅವರ ಆರಿಯನ್ನು ತೆಗೆದುಕೊಂಡು ಎರಡು ತೂತು ಹಾಕಿ, ಎರಡು ಹೊಲಿಗೆ ಹಾಕಿ, ತುದಿಗಳನ್ನು ಒಳಗೆ ಮರೆಸಿ, ರಾಳ ತೀಡಿದೆ. ಅಟ್ಟೆಯ ಮೇಲೆ ನನ್ನ ಜೀವಮಾನದ ಮೊದಲ ಹೊಲಿಗೆಗಳು ಅವು. ಬಿಗಿಯಾಗಿ ಕೂತವು. ನನಗೆ ಹೆಮ್ಮೆಯಾಯಿತು.

ಏಳು ವರ್ಷ ಪ್ರತಿಯೊಂದಕ್ಕೂ ಏಕೆ ಎಂದು ಕೇಳಿದವಳು ಅಂದು ಕೇಳಿಕೊಳ್ಳಲಿಲ್ಲ.

ಮೂರು ವಾರಗಳ ಮೇಲೆ ದೊನಾತೊ ಅವರ ಸೊಸೆ ಅಂಗಡಿಗೆ ಫೋನು ಮಾಡಿದಳು. ಒಗೆಯಲು ತೆಗೆದ ಕಾಲುಚೀಲದಲ್ಲಿ ರಕ್ತವಿತ್ತು. ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಗಿ, ಅದರ ಕೀವು ಪಕ್ಕದ ಬೆರಳಿಗೂ ಇಳಿದಿತ್ತು. ನೋವೇ ತಿಳಿಯದ ಮನುಷ್ಯ ಮೂರು ವಾರ ಅದರ ಮೇಲೆಯೇ ನಡೆದಿದ್ದರು. ಎಲುಬಿಗೆ ತಗುಲಿದರೆ ಮುಂಗಾಲನ್ನೇ ತೆಗೆಯಬೇಕಾದೀತು ಎಂದು ವೈದ್ಯರು ಹೇಳಿದ್ದರು. ಬೂಟುಗಳನ್ನು ಸೊಸೆ ತಂದು ಕೊಟ್ಟುಹೋದಳು.

ಓರೆಸ್ತೆ ಅವರು ಎಡಗಾಲಿನದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಸ ಕಣ್ಣು. ಒಂದೇ ನೋಟಕ್ಕೆ ಅವರ ಹೆಬ್ಬೆರಳು ಆ ಎರಡು ಹೊಲಿಗೆಯ ಮೇಲೆ ಹೋಗಿ ನಿಂತಿತು. ನಾನು ರಂಪಿಗೆಯಿಂದ ಚರ್ಮದ ಅಂಚನ್ನು ತೆಳುಮಾಡುತ್ತ ಕುಳಿತಿದ್ದೆ, ಕೈ ನಿಂತಿತು.

"ಇಲ್ಲಿ ಹೊಲದೇನಿ" ಎಂದರು. ನನಗಲ್ಲ, ತಮಗೆ ತಾವೇ. "ನಲವತ್ತೈದ ವರ್ಷ ಬಿಟ್ಟ ಜಾಗಾ. ಹೊಲದ ಬಿಟ್ಟೇನಿ."

"ಬಿಡೂದ್ಯಾಕ್ರಿ ಅಲ್ಲಿ?" ಎಂದು ಕೇಳಿದೆ.

"ಎಲುಬು ಹೊರಗ ಬರೂ ಜಾಗಾ ಅದು. ಹೆಜ್ಜಿ ಇಟ್ಟಾಗ ಚರ್ಮಾ ತುಸು ಬಾಯಿ ತೆರೀಬೇಕು. ಹೊಲದ್ರ ಗ್ವಾಡಿ, ಬಿಟ್ರ ಬಾಗಲಾ." ಅವರು ಬೂಟನ್ನು ಕೆಳಗಿಟ್ಟರು. "ನೋಡಿಲ್ಲಿ, ಹೊಲಿಗಿ ಎಡಕ್ಕ ವಾಲ್ಯಾವು. ನನ್ನ ಹೊಲಿಗಿ ಎಂದಾರ ಎಡಕ್ಕ ವಾಲಿದ್ದ ನೋಡೀಯೇನ? ಕೈನೂ ಹೋತು, ತಲೀನೂ ಹೋತು."

ಎರಡು ದಾರದ ತುದಿಗಳಲ್ಲಿ ಯಾವುದು ಮೊದಲು ತೂತಿಗೆ ಹೋಗುತ್ತದೆಯೋ ಅದರಂತೆ ಹೊಲಿಗೆ ವಾಲುತ್ತದೆ. ಅವರು ಬಲಗೈ ಮೊದಲು ಮಾಡುವರು. ನಾನು, ನನ್ನ ಅಪ್ಪನಂತೆ, ಎಡಗೈ ಮೊದಲು.

ಅವರು ಏಪ್ರನ್ನು ಬಿಚ್ಚಿ ಮೊಳೆಗೆ ತೂಗುಹಾಕಿದರು. ಇವಾನಾಳಿಗೆ ಫೋನು ಮಾಡಿ, ಅಂಗಡಿ ಮುಚ್ಚುವ ಕಾಗದಪತ್ರ ಏನಿವೆಯೋ ನೋಡು, ಇನ್ನು ಈ ಕೈಯಿಂದ ಯಾರ ಕಾಲಿಗೂ ಏನೂ ಮಾಡಲಾರೆ ಎಂದು ತಮ್ಮ ಭಾಷೆಯಲ್ಲಿ ಹೇಳಿದರು. ಏಳು ವರ್ಷದಲ್ಲಿ ಅಷ್ಟು ಇಟಾಲಿಯನ್ನು ನನಗೆ ಬಂದಿತ್ತು. ಅದು ಶುಕ್ರವಾರ.

ನಾನು ಹೇಳಲಿಲ್ಲ. ಕೋಟು ಹಾಕಿಕೊಂಡು ಬಸ್ಸಿಗೆ ಹೋದೆ. ಹೇಳಿದರೆ ಒಬ್ಬ ಮನುಷ್ಯನ ಕಾಲು ಕೆಟ್ಟದ್ದು ನನ್ನಿಂದ ಎಂದಾಗುತ್ತದೆ. ಹೇಳದಿದ್ದರೆ ಇನ್ನೊಬ್ಬರು ಅರವತ್ತು ವರ್ಷದ ಕೈಯನ್ನು ನನ್ನ ಎರಡು ಹೊಲಿಗೆಗಾಗಿ ಕಟ್ಟಿ ಇಡುತ್ತಾರೆ. ಲೆಕ್ಕ ಸ್ಪಷ್ಟವಾಗಿತ್ತು, ಬಾಯಿ ಬರಲಿಲ್ಲ. ನನ್ನ ಕೈಯಿಂದ ತಪ್ಪಾಯಿತು ಎಂಬ ಮಾತನ್ನು ನಾನು ಅದುವರೆಗೆ ಯಾರ ಮುಂದೆಯೂ ಆಡಿದವಳಲ್ಲ.

ಭಾನುವಾರ ನನ್ನ ಮಗಳು ಸಾಹಿತ್ಯ, ಇಲ್ಲಿಯೇ ಹುಟ್ಟಿದವಳು, ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ನಿಂತಳು.

"ಮಮ್ಮಿ, ದಟ್ಸ್ ಯುವರ್ ಫೋರ್ತ್ ಬರ್ನ್ಟ್ ರೊಟ್ಟಿ. ವಾಟ್ ಹ್ಯಾಪನ್ಡ್?"

ಹೇಳಿದೆ.

"ಸೋ ಜಸ್ಟ್ ಟೆಲ್ ಹಿಮ್. ಇಟ್ಸ್ ಟೂ ಸ್ಟಿಚಸ್."

"ಎರಡ ಹೊಲಿಗಿ ಅಂದ್ರ ಏನಂತ ತಿಳದಿ? ಅವ್ವಗ ಶಾಣ್ಯಾತನ ಹೇಳಾಕ ಬಂದ್ಲು ನೋಡ."

"ಯೂ ಮೇಕ್ ಮಿ ಸೇ ಸಾರಿ ಫಾರ್ ಎವ್ರಿಥಿಂಗ್," ಎಂದು ಅವಳು ಸುಟ್ಟ ರೊಟ್ಟಿಯನ್ನು ಮುರಿದು ತಿನ್ನುತ್ತ ಹೋದಳು.

ಸೋಮವಾರ ನಾನು ಎಂದಿಗಿಂತ ಮೊದಲು ಹೋದೆ. ಅವರು ಕಾಲಚ್ಚುಗಳನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಎರಡು ಚೂರು ಅಟ್ಟೆ ತೆಗೆದುಕೊಂಡು ನೆಲಕ್ಕೆ ಕುಳಿತು, ಹೆಬ್ಬೆರಳಿಂದ ಅದುಮಿ, ಎರಡು ಹೊಲಿಗೆ ಹಾಕಿ ಅವರ ಕೈಗೆ ಕೊಟ್ಟೆ. ಅವರು ನೋಡಿದರು. ದೊನಾತೊ ಅವರ ಬೂಟನ್ನು ತಂದು ಪಕ್ಕಕ್ಕೆ ಹಿಡಿದು ನೋಡಿದರು. ಎರಡೂ ಎಡಕ್ಕೆ ವಾಲಿದ್ದವು.

"ಅವು ನನ್ನವ್ರಿ ಮಾಸ್ತರ. ನಿಮ್ಮ ಕೈ ಏನೂ ಮರತಿಲ್ಲ. ನಿಮಗ ಕಣ್ಣ ಕಾಣಲಿಲ್ಲ ಅಂತ ತಿಳದ ನಾ ತುಂಬಿದ್ನಿ."

ಅವರು ಪೀಠದ ಮೇಲೆ ಕುಳಿತುಬಿಟ್ಟರು. ಮೊದಲು ಬಂದದ್ದು ನಗು. ಎದೆಯ ಮೇಲಿಂದ ಏನೋ ಇಳಿದವರ ನಗು. ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಸಿಟ್ಟು ಬಂತು, ಅದು ಮೂರು ದಿನ ಇಳಿಯಲಿಲ್ಲ.

"ಏಳ ವರ್ಷ ತಲಿ ತಿಂದಿ. ಸಂಜೀಕ ಯಾಕ ಅಳೀತೀರಿ, ಗ್ವಾಡಿ ಯಾಕ ನೋಡ್ತೀರಿ, ತೊಗಟಿ ಯಾವದು. ಕೇಳಬೇಕಾದ ಒಂದನ್ನ ಕೇಳಲಿಲ್ಲ ನೋಡ ನೀ!"

"ನಿಮಗ ನಾಚಿಕಿ ಆಗಬಾರದಂತ..."

"ನನ್ನ ನಾಚಿಕಿ ನನ್ನದು. ಅದನ್ನ ಹೊಲ್ಯಾಕ ನೀ ಯಾರು?"



ಅಂದು ಮಧ್ಯಾಹ್ನವೇ ಇಬ್ಬರೂ ದೊನಾತೊ ಅವರ ಮನೆಗೆ ಹೋದೆವು. ನಾನು ನಿಂತುಕೊಂಡೇ ಹೇಳಿದೆ. ಅವರು ಕಾಲನ್ನು ದಿಂಬಿನ ಮೇಲಿಟ್ಟು ಕೇಳಿದರು. "ಅಂದ್ರ ಇಂವಾ ಇನ್ನೂ ಕುರುಡ ಆಗಿಲ್ಲ?" ಎಂದು ಓರೆಸ್ತೆ ಅವರ ಕಡೆ ಕೈ ಮಾಡಿದರು. "ನಾ ಮೂರ ದಿನದಿಂದ ಹೊಸಾ ಮಾಸ್ತ್ರೊನ ಹುಡಕಾಕತ್ತಿದ್ನಿ." ಅದಷ್ಟೇ. ಸೊಸೆ ಮಾತ್ರ ನನಗೆ ಕಾಫಿ ಕೊಡಲಿಲ್ಲ, ಅದು ನ್ಯಾಯವೇ.

ಮುಂಗಾಲು ಉಳಿಯಿತು. ಹೆಬ್ಬೆರಳಿನ ಪಕ್ಕದ ಬೆರಳನ್ನು ತೆಗೆದರು. ಡಿಸೆಂಬರಿನಲ್ಲಿ ಕಾಲು ಮಾಯ್ದ ಮೇಲೆ ಓರೆಸ್ತೆ ಅವರು ಸಂಜೆ ನಾಲ್ಕರ ನಂತರ ದೊನಾತೊ ಅವರ ಮನೆಗೆ ಹೋಗಿ ಹೊಸದಾಗಿ ಅಳೆದು, ಕಾಲಚ್ಚನ್ನು ತಿದ್ದಿದರು. ಬಂದವರು ಅಚ್ಚನ್ನೂ ಬೆಲ್ಟನ್ನೂ ನನ್ನ ಮುಂದೆ ಇಟ್ಟರು. "ಅಟ್ಟಿ ನೀ ಹೊಲಿ." ನಾನು ಬೆಲ್ಟನ್ನು ಬದಿಗಿಟ್ಟು ನೆಲಕ್ಕೆ ಕುಳಿತೆ. ಒಳಬದಿಯ ಆ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ ಅವರನ್ನು ನೋಡಿದೆ.

"ಎರಡೋ, ಮೂರೋ ಮಾಸ್ತರ?"

"ಆಂ, ಈಗ ಕೇಳಿದಿ. ಎರಡು."

ಜನವರಿಯ ಕೊನೆಗೆ ದೊನಾತೊ ಅವರು ಆ ಬೂಟು ಹಾಕಿಕೊಂಡು ಹಲಗೆಯ ನೆಲದ ಮೇಲೆ ನಡೆದರು. ಓರೆಸ್ತೆ ಅವರು ಗೋಡೆಗೆ ಮುಖ ಮಾಡಿ ನಿಂತರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಒಂದ ಬೆರಳ ಕಡಿಮಿ ಆತು, ನಿಮಗ ಚರ್ಮಾ ಉಳೀತು" ಎಂದು ಬೆನ್ನ ಹಿಂದಿನಿಂದ ದೊನಾತೊ ಅವರ ದನಿ ಬಂತು. ಆಮೇಲೆ ಎಂಟು ವಾರ ಪ್ರತಿ ಸಂಜೆ ಅವರ ಸೊಸೆ ಆ ಪಾದವನ್ನು ನೋಡಿ ನನಗೆ ಸಂದೇಶ ಕಳಿಸುತ್ತಿದ್ದಳು. ಹುಣ್ಣು ಮತ್ತೆ ಬರಲಿಲ್ಲ.

ಅಂಗಡಿ ಮುಚ್ಚಲಿಲ್ಲ. ಆದರೆ ಒಂದು ಬದಲಾವಣೆಯಾಯಿತು. ಕೈಯಲ್ಲಿದ್ದದ್ದು ಕೈಯಲ್ಲಿಯೇ ಇದ್ದುದರಿಂದ ಈ ಅನಾಹುತವಾಯಿತೆಂದು ಅವರು ತೀರ್ಮಾನಿಸಿದರು. ವಾರಕ್ಕೊಮ್ಮೆ, ಕೆಲಸ ಮುಗಿದ ಮೇಲೆ ಒಂದು ಜೋಡಿ ಕಾಲಚ್ಚು ಇಳಿಸಿ, ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುತ್ತ, ಆ ಕಾಲಿಗೆ ಏನೇನು ಬೇಕೆಂದು ಹೇಳುವರು. ನಾನು ಮರದ ಮೇಲೆಯೇ ಪೆನ್ಸಿಲಿನಿಂದ ಬರೆದುಕೊಳ್ಳುವೆನು. ಅವರು ಹೇಳುವ ವೇಗಕ್ಕೆ ನನ್ನ ಇಂಗ್ಲಿಷು ಸಾಲುತ್ತಿರಲಿಲ್ಲ, ಕನ್ನಡದಲ್ಲಿ ಬರೆದೆ. "ಬಲ ಹಿಮ್ಮಡಿ ಅರ್ಧ ಬೆರಳು ಎತ್ತರ." "ಕಿರುಬೆರಳಿಗೆ ಆಣಿ ಇದೆ, ಚರ್ಮ ತೆಳು ಮಾಡು." "ಈಕೆ ಪ್ರಾರ್ಥನೆಗೆ ಮಂಡಿಯೂರುತ್ತಾಳೆ, ತುದಿಯ ಅಟ್ಟೆ ಗಟ್ಟಿ ಇರಲಿ." ಅಂಗಡಿಗಳನ್ನೆಲ್ಲ ಮುಚ್ಚಿಸಿದ್ದ ೨೦೨೦ರ ಆ ತಿಂಗಳುಗಳಲ್ಲಿಯೂ ಅವರು ಫೋನಿನಲ್ಲಿ ಹೇಳುವರು, ನಾನು ಪೆಟ್ಟಿಗೆಯಲ್ಲಿ ಮನೆಗೆ ತಂದಿದ್ದ ಅಚ್ಚುಗಳ ಮೇಲೆ ಬರೆಯುವೆನು. ಇದಕ್ಕೆ ನಾಲ್ಕು ವರ್ಷ ಹಿಡಿಯಿತು.

ಇನ್ನೊಂದು ಮಾತು. ಇಲ್ಲಿನ ಕನ್ನಡ ಕೂಟಕ್ಕೆ ಬರುವ ಉಡುಪಿಯ ಜ್ಯೋತ್ಸ್ನಾ ಎಂಬವರು ನನ್ನ ಕೆಲಸ ಏನೆಂದು ಹಿಂದೊಮ್ಮೆ ಕೇಳಿದಾಗ ಡಿಸೈನ್ ಕಂಪನಿ ಎಂದಿದ್ದೆ. ಆ ಜನವರಿಯ ನಂತರ ಮತ್ತೆ ಕೇಳಿದರು. "ಅಟ್ಟಿ ಹೊಲಿತೇನ್ರಿ" ಎಂದೆ. ಅವರು "ಮಾರಾಯ್ರೆ, ನನ್ನ ಗಂಡನ ಪಾದ ಭಾರೀ ಅಗಲ, ಎಲ್ಲಿಯೂ ಸೈಜೇ ಸಿಗುದಿಲ್ಲ" ಎಂದರು. ಸಂಜೆ ನಾಲ್ಕರ ಮೇಲೆ ಕರೆದುಕೊಂಡು ಬರಲು ಹೇಳಿದೆ.

ಓರೆಸ್ತೆ ಅವರು ಕೊನೆಯ ದಿನದವರೆಗೆ ಹೊಲಿದರೆಂದು ಬರೆಯಲಾರೆ. ಕೊನೆಯ ಚಳಿಗಾಲ ಅವರು ಹಾಸಿಗೆಯಲ್ಲಿದ್ದರು. ಹೃದಯ ದುರ್ಬಲವಾಗಿತ್ತು. ತೀರಿಕೊಂಡ ಮೇಲೆ ಮಗಳು ಇವಾನಾ ನ್ಯೂಮಾರ್ಕೆಟ್ಟಿನಿಂದ ಬಂದು ಕಾರ್ಖಾನೆಯಲ್ಲಿ ನಿಂತು, ಒಂದೊಂದೇ ಕಾಲಚ್ಚನ್ನು ತಿರುಗಿಸಿ ನೋಡಿ, ತಂದೆಯ ಅಚ್ಚುಗಳ ಮೇಲೆ ಇದು ಯಾವ ಬರಹ ಎಂದು ಕೇಳಿದಳು. ಹೇಳಿದೆ. ಹಾಗಾದರೆ ಇವು ಓದಲು ಬರುವವರ ಹತ್ತಿರವೇ ಇರಲಿ ಎಂದಳು.

ಅವರು ಬಿಟ್ಟುಹೋದವು ಇವು:

ಮಗಳು ಇವಾನಾ, ಮತ್ತು ಅವಳು ಮದುವೆಯಲ್ಲಿ ಹಾಕಿಕೊಂಡ ಬಿಳಿ ಬೂಟು, ಇನ್ನೂ ಅಟ್ಟೆ ಸವೆಯದ್ದು.

ಗೆಳೆಯ ದೊನಾತೊ, ವಯಸ್ಸು ಎಂಬತ್ತೊಂದು, ಒಂಬತ್ತು ಬೆರಳಿನವರು, ನಡೆಯುತ್ತಿದ್ದಾರೆ.

ಒಂದು ಗಿಡ್ಡ ಪೀಠ, ಒಂದು ತೊಡೆಯ ಬೆಲ್ಟು. ನಾನು ಎರಡನ್ನೂ ಬಳಸುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ.

ಏಳು ಆರಿಗಳು. ಒಂದರ ಮರದ ಹಿಡಿಯಲ್ಲಿ ಅವರ ಹೆಬ್ಬೆರಳಿನ ಕುಳಿ ಇದೆ; ನನ್ನ ಬೆರಳು ಅದರಲ್ಲಿ ಕೂರುವುದಿಲ್ಲ.

ಅರ್ಧ ಉಂಡೆ ರಾಳ. ಕಾಡುಹಂದಿಯ ಕೂದಲಿನ ಒಂದು ತಗಡಿನ ಡಬ್ಬಿ.

ಗೋಡೆಗೆ ಅಂಟಿಸಿದ, ಹಳದಿಯಾದ ಒಂದು ಹಾಳೆ; ಜಾಲಿ ಮತ್ತು ಮಿಮೋಸಾ.

ನೂರಾ ನಲವತ್ತೇಳು ಜೋಡಿ ಕಾಲಚ್ಚು, ಕನ್ನಡದಲ್ಲಿ ಬರೆದವು. ಆ ಗಿರಾಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಈಗ ಇಲ್ಲ. ಅವರ ಕಾಲುಗಳ ವಿಷಯ ನನಗೆ ಗೊತ್ತಿದೆ.

ಅವುಗಳಲ್ಲಿ ದೊನಾತೊ ಅವರ ಎಡಗಾಲು. ಅದರ ಒಳಬದಿಯಲ್ಲಿ ಓರೆಸ್ತೆ ಅವರೇ ಪೆನ್ಸಿಲಿನಿಂದ ಒತ್ತಿ ಇಟ್ಟ ಎರಡು ಚುಕ್ಕೆ, ಅವುಗಳ ಕೆಳಗೆ ನನ್ನ ಅಕ್ಷರದಲ್ಲಿ: "ಎರಡು ಪುಂತೊ ಬಿಡು. ತುಂಬುವ ಮೊದಲು ಕೇಳು."